ಹರಕು ಕಿವಿಯವಳು

ವಿನೋಬನಗರದ ಬಾಡಿಗೆ ಕೋಣೆ.
ಮಾಲಕಿ ಕೇಳಿದ್ದರು, 'ಏನಪ್ಪಾ ಓದ್ತಿರೋದು?'
'ದನಗಳ ಬಗ್ಗೆ' ಅಂದಿದ್ದೆ.
ಆ ಒಂದು ಸುಳ್ಳಿಗೆ ಮೂರು ವರ್ಷ
ಗಂಬೂಟು ಹೊರಗೆ, ನಾನು ಒಳಗೆ,
ಸಂಜೆ ಲೋಟದ ತುಂಬ ನೊರೆ ಕಾಫಿ.

ಓದುತ್ತಿದ್ದುದು ಹಂದಿಯನ್ನು.
ಹಂದಿ ತನ್ನೊಳಗೇ ತಾನು ಆಡಿಕೊಳ್ಳುವ ಮಾತನ್ನು.

ತುಂಗೆಯ ಸೇತುವೆ ಇಳಿದು ಎಡಕ್ಕೆ, ಗುತ್ಯಮ್ಮನ ದೊಡ್ಡಿ.
ಆ ಬೇಸಿಗೆಯ ಜ್ವರಕ್ಕೆ ಓಣಿಯ ಹಂದಿಗಳೆಲ್ಲ
ಕಿವಿ ನೀಲಿಗಟ್ಟಿ, ಹಿಂಗಾಲು ಎಳೆದು,
ಒಂದರ ಮೇಲೊಂದು ಮಲಗಿದವು, ಏಳಲಿಲ್ಲ.
ಎದ್ದವಳು ಒಬ್ಬಳೇ,
ನಾಯಿ ಕಚ್ಚಿದ ಹರಕು ಕಿವಿಯವಳು.
ಮೂರು ದಿನ ಬರೀ ನೀರು ಕುಡಿದಳು.
ದೀಪಾವಳಿಗೆ ಹನ್ನೊಂದು ಮರಿ.
ಮೊಲೆ ಹತ್ತೇ.
'ಹನ್ನೊಂದನೇದಕ್ಕೆ ನಾನೇ ಸರದಿ ಕಲಿಸಿದೀನಿ'
ಅಂದಳು ಗುತ್ಯಮ್ಮ.

ಸೂಜಿ ಚುಚ್ಚುವಾಗ ಅವಳೇ ಅವುಚಿ ಹಿಡಿದಳು.
'ಏನ್ ನೋಡ್ತೀರಿ ರಕ್ತದಾಗೆ?'
ಜೀನು ಎಲ್ಲ ಹಂದಿಗಳಲ್ಲೂ ಇರುತ್ತೆ ಗುತ್ಯಮ್ಮ,
ಕೆಲವು ಮಾತ್ರ ಬಾಯಿ ಬಿಡುತ್ತವೆ.
ಯಾವುದು, ಯಾವಾಗ, ಎಷ್ಟು ಜೋರಾಗಿ ಅಂತ ನೋಡೋದು.
ಅವಳು ನಕ್ಕಳು:
'ಊಟ ಬಲ್ಲವನಿಗೆ ರೋಗ ಇಲ್ಲ,
ಮಾತು ಬಲ್ಲವನಿಗೆ ಜಗಳ ಇಲ್ಲ ಅಂತಾರೆ.
ಇವಳಿಗೆ ಎರಡೂ ಗೊತ್ತು. ಬರಕೊಳ್ಳಿ.'

ಆರ್‌ಎನ್‌ಎ ಅಂದರೆ ಆಡಿದ ಮಾತು.
ಬೆರಳ ಬೆವರು ತಾಗಿದರೆ ಇಲ್ಲ,
ಬೆಚ್ಚಗಾದರೆ ಇಲ್ಲ.
ಕರೆಂಟು ಹೋದ ರಾತ್ರಿ ಮೈನಸ್ ಎಂಬತ್ತರ ಪೆಟ್ಟಿಗೆಯಿಂದ
ಎರಡು ಮಾರು ದೂರ ನಿಂತೇ ಇದ್ದೆ, ಜನರೇಟರ್ ಗುಡುಗುವ ತನಕ,
ನನ್ನ ಮೈಬಿಸಿಗೂ ಹೆದರಿ.

ಪಕ್ಕದಲ್ಲಿ ಇನ್ನೊಂದು ಜೀನನ್ನೂ ಅಳೆಯಬೇಕು.
ಜ್ವರ ಬರಲಿ ಬಸಿರು ಬರಲಿ ಅದರದು ಒಂದೇ ದನಿ.
ಜೀವಕೋಶದ ಕಸ, ಮುಸುರೆ, ಮನೆವಾರ್ತೆ.
ಅದರ ಮೇಲೆ ಯಾರೂ ಪ್ರಬಂಧ ಬರೆಯುವುದಿಲ್ಲ.
ಅದಿಲ್ಲದೆ ಯಾರ ಕೂಗು ಎಷ್ಟು ದೊಡ್ಡದೆಂದು
ಹೇಳಲೂ ಬರುವುದಿಲ್ಲ.

ಬೇರೆ ಹಂದಿಗಳ ಗೆರೆ
ಇಪ್ಪತ್ತೆಂಟನೇ ಸುತ್ತಿಗೆ, ಮೂವತ್ತಕ್ಕೆ
ಆಕಳಿಸುತ್ತ ಎದ್ದವು.
ಹರಕು ಕಿವಿಯವಳದು ಹತ್ತೊಂಬತ್ತಕ್ಕೇ.
ಮೂರು ಸಲ ಮಾಡಿದೆ. ಮೂರು ಸಲವೂ ಹತ್ತೊಂಬತ್ತು.
ಗೈಡ್ ಕನ್ನಡಕ ಒರೆಸಿಕೊಂಡರು:
'ಒಂದೇ ಹಂದಿ. ಗುಂಪಿಗೆ ಸೇರಲ್ಲ. ಕೈಬಿಡಿ.'

ಅದೇ ವಾರ ಬೆಳಗಿನ ಜಾವ ನಾಲ್ಕಕ್ಕೆ
ಪಾಲಿಕೆಯ ಲಾರಿ, ಬಲೆ, ಬೈಗುಳ.
ಊರು ಚೊಕ್ಕ ಮಾಡುವ ಯಾವುದೋ ಆದೇಶ.
ನಲವತ್ತು ಹಂದಿ ಹೋದವು,
ಎಲ್ಲಿಗೆಂದು ಡ್ರೈವರಿಗೂ ಗೊತ್ತಿಲ್ಲ.

ಗುತ್ಯಮ್ಮ ಕಾಲೇಜಿನ ಗೇಟಿಗೆ ಬಂದಳು.
'ನೀವೇ ತಗೊಂಡ್ರಾ?
ನಿಮಗೆ ಅವಳ ರಕ್ತ ಇಷ್ಟ ಆಗಿತ್ತಲ್ಲ.'

ಏನು ಹೇಳಲಿ. ಒಳಗೆ ಕರೆದೊಯ್ದೆ.
ಉಳಿದದ್ದು ಮೂವತ್ತು ಮೈಕ್ರೋಲೀಟರು, ಒಂದು ಹನಿಯೂ ಪೂರ್ತಿಯಲ್ಲ.
ಪರದೆ ತೋರಿಸಿದೆ.
ಚಪ್ಪಟೆ ಬಂದು, ತಟ್ಟನೆ ಏರಿ,
ಮತ್ತೆ ಸಮವಾಗುವ ಗೆರೆಯ ಮೇಲೆ
ಬೆರಳಾಡಿಸಿದಳು ಗುತ್ಯಮ್ಮ.
'ಇದು ಅವಳ ಬೆನ್ನು' ಅಂದಳು.
'ಇಲ್ಲಿ ಕತ್ತು. ಇಲ್ಲಿ, ಇಲ್ಲೇ, ನಾನು ಕೆರೀತಿದ್ದೆ.'

ಗೇಟಿನ ಹತ್ತಿರ ದನಿ ತಗ್ಗಿಸಿದಳು:
'ಹನ್ನೊಂದನೇದು ಅವರಿಗೆ ಸಿಕ್ಕಿಲ್ಲ.
ಸಣಕಲು, ಇನ್ನೂ ಬುಟ್ಟಿ ಕೆಳಗೆ ಹಿಡಿಯುತ್ತೆ.
ಹೆಣ್ಣು.
ನಾಳೆ ಬನ್ನಿ. ಸಣ್ಣ ಸೂಜಿ ತನ್ನಿ.'

ಪರದೆಯ ಮೇಲೆ ಅವಳ ಬೆರಳಿನ ಗುರುತು, ಒರೆಸಲಿಲ್ಲ.
ಸಂಜೆ ಮಾಲಕಿ ಕೇಳಿದರು, 'ದನಗಳು ಹೇಗಿವೆಯಪ್ಪಾ?'
ಕಾಫಿಯ ಲೋಟ ಕೆಳಗಿಟ್ಟೆ.
ಬಾಯಿ ಬಿಟ್ಟೆ.