ತಗೊಂಡ

ಹೊಳಲ್ಕೆರೆ ರಸ್ತೆಯ ಝೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ
ನನ್ನ ಟ್ಯುಟೋರಿಯಲ್ಲು. ಎಂಟು ಬೆಂಚು, ಒಂದು ಫ್ಯಾನು,
ಫೇಲಾದವರು ಕೈವಾರದಲ್ಲಿ ಕೆತ್ತಿ ಹೋದ ಹೆಸರುಗಳು.
ಮೊಣಕಾಲು ಹಿಡಿಸದೆ ಅಡ್ಡಡ್ಡ ಕೂತ ಸೆರ್ಹತ್,
ಜೋಗಿಮಟ್ಟಿಯ ಗಾಳಿಯಂತ್ರಕ್ಕೆ ಹಗ್ಗದಲ್ಲಿ ಜೋತು
ರೆಕ್ಕೆಯ ಬಿರುಕಿಗೆ ಮುಲಾಮು ಮೆತ್ತುವವನು.
ಊರು ಟರ್ಕಿಯಲ್ಲೆಲ್ಲೋ.
'ಮೇಡಂ, ಒಂದೇ ಪದ ಸಾಕು' ಅಂದ. 'ಟೇಕ್.'

ಒಂದೇ ಪದವಂತೆ!
ಇಪ್ಪತ್ತಾರು ವರ್ಷದಿಂದ ಕಲಿಸುತ್ತಿದ್ದೇನೆ,
ಅದಿನ್ನೂ ಮುಗಿದಿಲ್ಲ.

ಬೋರ್ಡಿನ ಮೇಲೆ ಬಸ್ಸಿನಿಂದ ಶುರು ಮಾಡಿದೆ: ಟೇಕ್ ಎ ಬಸ್.
ಬಸ್ಸನ್ನು ತಗೊಂಡು ಇಡುವುದೆಲ್ಲಿ, ಅಂದ.
ಅವರಲ್ಲಿ ಕುದುರೆಗೂ ಬಸ್ಸಿಗೂ ಒಂದೇ ಮಾತು, ಹತ್ತುವುದು.
ನಾವೂ ಹತ್ತುತ್ತೇವಪ್ಪ, ಕಿಟಕಿಯಿಂದ ಟವೆಲ್ ಎಸೆದು.
ಮಾತ್ರೆಯನ್ನು ಅವರು ಕುಡಿಯುತ್ತಾರೆ, ನಾವು ನುಂಗುತ್ತೇವೆ.
ಪರೀಕ್ಷೆಯ ಒಳಗೆ ಅವರು ಹೋಗುತ್ತಾರೆ,
ನಾವು ಕೂರುತ್ತೇವೆ. ಈ ಬೆಂಚಿನವರು ಮೂರು ಮೂರು ಸಲ.
ಫೋಟೊ? ನಾವು ತೆಗೆಯುತ್ತೇವೆ.
ಅವನು ಎರಡೂ ಕೈಯಿಂದ ಎಳೆದು ತೋರಿಸಿದ,
ಬಾವಿಯ ಹಗ್ಗ ಎಳೆದ ಹಾಗೆ:
ಚೆಕ್‌ಮೆಕ್. ಫೋಟೊ ಅದೇ, ನೀರೂ ಅದೇ,
ಸಿಗರೇಟಿನ ದಮ್ಮೂ ಅದೇ, ನೋವೂ ಅದೇ.

ನನ್ನ ಸೀಮೆಸುಣ್ಣ ನಿಂತಿತು.
ಸೇದು, ಅಂದೆ. ನೀರು ಸೇದು. ಬೀಡಿ ಸೇದು.
ನೋವನ್ನು ಮಾತ್ರ ನಾವು ಉಣ್ಣುತ್ತೇವೆ.
ಏಟು? ತಿನ್ನುತ್ತೇವೆ.
'ನಾವೂ ತಿನ್ನುತ್ತೇವೆ!' ಬೆಂಚು ಕುಟ್ಟಿದ.
ಲಂಚ? ಅದನ್ನೂ.
ನಗು ಮೆಟ್ಟಿಲಿಳಿದು ಝೆರಾಕ್ಸಿನವನ ತನಕ ಹೋಯಿತು.

ಆಮೇಲೆ ಜೇಬಿನಿಂದ ಒಂದು ಕಾಗದ ಬಂತು.
ಕಂಪನಿಯ ಸೀಲು, ಟೈಪು ಮಾಡಿದ ಒಂದೇ ಸಾಲು:
ಪಾಲಯ್ಯ ಟುಕ್ ದ ಕೇಬಲ್.
ಕೆಳಗೆ ಇವನ ಸಹಿ.

ಪಾಲಯ್ಯ ಗೊತ್ತು ನನಗೆ, ಸ್ಟೋರಿನ ಹೆಲ್ಪರು.
ಮೂರನೇ ಬೆಂಚಿನ ಗಂಗಮಾಳವ್ವನ ಅಪ್ಪ.
ಹದಿನೈದು ದಿನದಿಂದ ಅವನಿಗೆ ಕೆಲಸವಿಲ್ಲ,
ಅವಳು ಕ್ಲಾಸಿಗಿಲ್ಲ.

'ಗುಜರಿಗೆ ಬಿದ್ದಿದ್ದ ತುಂಡು, ಮೇಡಂ.
ಎಂಟುನೂರು ಎಣಿಸಿ ಸೂಪರ್‌ವೈಸರ್ ಕೈಗೆ ಕೊಟ್ಟ, ನಾನೇ ನೋಡಿದೆ.
ಕೇಬಲ್ ಏನಾಯಿತು ಅಂತ ಆಫೀಸು ಕೇಳಿತು.
ನಮ್ಮಲ್ಲಿ ಅಲ್ಮಕ್ ಅಂದರೆ ತಗೊಳ್ಳೋದು,
ರೊಟ್ಟಿ ಅಲ್ಮಕ್, ಅಂಗಡಿಯಲ್ಲಿ, ಕಾಸು ಕೊಟ್ಟು.
ಡಿಕ್ಷನರಿಯಲ್ಲಿ ಅದಕ್ಕೆ ಟೇಕ್ ಅಂತಿತ್ತು.'

ತಗೊಂಡ.
ನಾನೂ ಹಾಗೇ ಅಂದಿರುತ್ತಿದ್ದೆ.
ಸೀರೆ ತಗೊಂಡೆ, ಎಮ್ಮೆ ತಗೊಂಡರು, ಸೈಟು ತಗೊಂಡರಂತೆ,
ಯಾರೂ ಪೊಲೀಸರನ್ನು ಕರೆಯುವುದಿಲ್ಲ.
ಕೊಟ್ಟ ಕಾಸು ಮಾತಿನ ಒಳಗೇ ಇದೆ,
ಅಜ್ಜಿಯ ಸಂಚಿಯ ಒಳಮಡಿಕೆಯಲ್ಲಿದ್ದ ಹಾಗೆ.
ಇಂಗ್ಲಿಷು ಆ ಮಡಿಕೆಯನ್ನು ಬಿಚ್ಚಿ ನೋಡಲಿಲ್ಲ.

ಬಾಟ್, ಅಂತ ಬರೆಸಿದೆ.
ನಡುವಿನ ಎರಡು ಅಕ್ಷರಕ್ಕೆ ಬೆರಳಿಟ್ಟ: ಇವು?
ಮಾತಾಡುವುದಿಲ್ಲ, ಸುಮ್ಮನೆ ನಿಂತಿರುತ್ತವೆ.
'ನಮ್ಮಲ್ಲೂ ಒಂದು ಗ ಇದೆ, ಬಾಯಿಬಿಡದ್ದು' ಅಂದ,
ತನ್ನ ಸಹಿಯನ್ನು ನೋಡುತ್ತ.

ಹೊಸ ಹಾಳೆ. ತಿದ್ದಲು ಕೆಂಪು ಪೆನ್ನು ಬೇಕಾಗಲಿಲ್ಲ.
ಪಾಲಯ್ಯ ಬಾಟ್ ದ ಕೇಬಲ್.
ಮುಂದಿನ ಸಾಲಿಗೆ ಪೆನ್ನು ತಡೆಯಿತು.
'ಸೂಪರ್‌ವೈಸರ್ ದುಡ್ಡು... ಇಲ್ಲಿ ಟೇಕ್ ನಡೆಯುತ್ತಾ ಮೇಡಂ?'
ನಡೆಯುತ್ತೆ ಮಾರಾಯ,
ಇಲ್ಲಿ ಅದರ ಎಲ್ಲ ಅರ್ಥವೂ ನಡೆಯುತ್ತೆ.

ಫೀಸೆಷ್ಟು ಅಂತ ಕೇಳಿದ. ಹೇಳಲು ತೋಚಲಿಲ್ಲ.
ಅವನ ಬೂಟಿನ ಸದ್ದು ಮೆಟ್ಟಿಲಿಳಿಯಿತು,
ಹಗ್ಗವಿಲ್ಲದೆ ಇಳಿಯುವವನ ಹಾಗೆ, ಒಂದೊಂದೇ.

ಆಫೀಸಿನವರು ಏನೆಂದರೋ, ನನಗೆ ಸುದ್ದಿ ಬರಲಿಲ್ಲ.
ಮುಂದಿನ ಗುರುವಾರ ಮೂರನೇ ಬೆಂಚಿಗೆ
ಗಂಗಮಾಳವ್ವ ಬಂದು ಕೂತಳು, ಬ್ಯಾಗು ತೊಡೆಯ ಮೇಲೇ ಇಟ್ಟು.
ನಾನು ಏನನ್ನೂ ಕೇಳಲಿಲ್ಲ.
ಅಟೆಂಡೆನ್ಸ್ ತಗೊಂಡೆ.