ಮೈನಸ್ ಹದಿನೇಳು

ಅಜ್ಜ ಇಟ್ಟ ಹೆಸರು ಶಾಹೀನಾ.
ಅಂದರೆ ಗಿಡುಗ, ಮುಗಿಲಲ್ಲಿ ನಿಂತು
ಹೊಲದ ಇಲಿಯ ಮೀಸೆ ಎಣಿಸುವಂಥದ್ದು.
ಮೂರನೇ ಕ್ಲಾಸಿನಲ್ಲಿ ಬೋರ್ಡಿನ ಅಕ್ಷರ ಹೋಯಿತು,
ಏಳರಲ್ಲಿ ಬೋರ್ಡೇ ಹೋಯಿತು,
ಅದರ ಮುಂದೆ ನಿಂತ ಟೀಚರೂ.

ಆದರೆ ಬೇಸಿನ್ನಿನ ಮುಂದೆ ಕೂತರೆ
ಶಿಡ್ಲಘಟ್ಟದಲ್ಲಿ ನನಗೆ ಸಮ ಇಲ್ಲ.
ಆವಿಗೆ ಕುರುಡಾಗುವ ಕನ್ನಡಕ ತೆಗೆದು
ದುಪಟ್ಟಾದ ತುದಿಗೆ ಗಂಟು ಹಾಕಿ
ಮೂಗು ನೀರಿಗೆ ತಾಗುವಷ್ಟು ಬಾಗುತ್ತೇನೆ.
ಬೇರೆಯವರು ಪೊರಕೆಯಾಡಿಸಿ
ಅರ್ಧ ರೇಷ್ಮೆ ವೇಸ್ಟು ಮಾಡುವಷ್ಟರಲ್ಲಿ
ನನ್ನ ಎಂಟು ಎಳೆಯೂ ಚರಕ ಹತ್ತಿರುತ್ತವೆ.
ಆಚೆ ಬೇಸಿನ್ನಿನ ರಿಯಾಜಣ್ಣ ನನಗೆ ಬರೀ ಒಂದು ಕೆಮ್ಮು.
ನಂದಿಬೆಟ್ಟ, ಯಾರೋ ಹೇಳಿದ ಮಾತು.

ಹೋದ ತಿಂಗಳು ಒಂದು ನೊಣ ಬಂತು.
ಕೈ ಬೀಸಿದೆ, ಹೋಗಲಿಲ್ಲ.
ಬಿಸಿಲಿಗೆ ಮುಖ ಮಾಡಿ ಕಣ್ಣು ಮುಚ್ಚಿದೆ,
ರೆಪ್ಪೆಯ ಒಳಗೂ ಇತ್ತು.

ಚಿಕ್ಕಬಳ್ಳಾಪುರದಲ್ಲಿ ಡಾಕ್ಟರಮ್ಮ
ಹನಿ ಹಾಕಿ, ಒಂದು ಗಂಟೆ ಕಾಯಿಸಿ, ನೋಡಿ,
ಚೀಟಿಯ ಹಿಂದೆ ದುಂಡಗೆ ಬರೆದರು: ಇದು ಎಲ್ಲರ ಕಣ್ಣು.
ಪಕ್ಕದಲ್ಲಿ ಉದ್ದಕ್ಕೆ ಬರೆದರು: ಇದು ನಿಮ್ಮದು.
ಚೀಟಿಯನ್ನು ಮೂಗಿಗೆ ಹಿಡಿದು ನಗು ಬಂತು ನನಗೆ.
ಮೇಡಂ, ಇದು ಗೂಡಲ್ಲವಾ?

ಎಳೆದೂ ಎಳೆದೂ ಒಳಪರದೆ ಸವೆದಿದೆ, ಅಂದರು.
ಉಸಿರಾಡುವ ಗಾಳಿಯೇ ತುಕ್ಕು ಹಿಡಿಸುತ್ತಿದೆ.
ಗಾಳಿಯಾ?
ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುತ್ತಲ್ಲ, ಹಾಗೆ.
ನಾವು ನೀರಿಗೆ ಹಾಕಿಡುತ್ತೇವೆ ಮೇಡಂ.
ಈ ಸಲ ಅವರು ನಕ್ಕರು, ಆಮೇಲೆ ನಗಲಿಲ್ಲ.
ಕಣ್ಣೊಳಗೆ ಒಂದು ಲೋಳೆ ಇರುತ್ತದಂತೆ,
ಹೆಚ್ಚಾದ ಗಾಳಿಯನ್ನು ತಾನೇ ನುಂಗಿ
ಮುಂದಿನ ಮಸೂರವನ್ನು ಕಾಯುವುದು ಅದರ ಕೆಲಸ.
ನನ್ನದು ನಲವತ್ತೊಂದಕ್ಕೇ ನೀರಾಗಿದೆ.
ನೊಣ ಅದರ ಚೂರು.
ಮಿಂಚು ಕಂಡರೆ ಮಾತ್ರ ಓಡಿ ಬನ್ನಿ.

ಗೂಡು ಬಿಚ್ಚುತ್ತಾ ಬಿಚ್ಚುತ್ತಾ ತೆಳುವಾಗಿ
ಒಳಗಿನ ಹುಳದ ಕಂದು ಕಾಣುತ್ತದೆ ನೋಡಿ,
ಆಗ ಎಳೆ ಮುಗಿಯಿತು ಅಂತ ಲೆಕ್ಕ.
ಇನ್ನೊಂದು ಗೂಡಿನ ತುದಿ ತಂದು ಸೇರಿಸಬೇಕು.
ಇಪ್ಪತ್ತೆರಡು ವರ್ಷದಲ್ಲಿ ನಾನದನ್ನು ತಪ್ಪಿಸಿದ್ದಿಲ್ಲ.
ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಿದ್ದೆ.
ಈಗ ರಾತ್ರಿ ಲಾರಿಯ ಲೈಟು ಗೋಡೆಗೆ ಬಿದ್ದರೂ
ಎದ್ದು ಕೂರುತ್ತೇನೆ.

ನಿನ್ನೆ ಸಂಜೆ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿದೆ.
ಒಂಬತ್ತು ವರ್ಷ. ಪುಸ್ತಕದೊಳಗೇ ಮಲಗುವವಳು.
ಎದುರಿನ ಅಂಗಡಿ ಬೋರ್ಡು ಓದೇ, ಅಂದೆ.
ಒಂದೂ ಅಕ್ಷರ ತಡವರಿಸದೆ ಓದಿದಳು:
ಅಮೀನಾ ಟೈಲರ್ಸ್, ಹೆಂಗಸರ ಬಟ್ಟೆ ಹೊಲಿಯಲಾಗುವುದು.

ಜಾಣೆ, ಅಂದೆ.
ತಲೆ ಸವರಿದೆ.
ಅಮೀನಕ್ಕ ಅಂಗಡಿ ಬಿಟ್ಟು ಹದಿನೈದು ದಿನವಾಯಿತು.
ಹೊಸ ಬೋರ್ಡು ಮೊನ್ನೆಯೇ ಬರೆದಾಯಿತು.
ಏನು ಬರೆದಿದೆಯೋ ನನಗೂ ಗೊತ್ತಿಲ್ಲ,
ಬಣ್ಣದ ವಾಸನೆ ಬಂದಿತ್ತು.