ಶನಿವಾರದ ರೋಗಿಗಳು

ಹಲ್ ಪಟ್ಟಣದ ಗ್ರಂಥಾಲಯದಲ್ಲಿ, ಭೂಪಟಗಳ ಕಪಾಟಿನ ಪಕ್ಕ,
ನನಗೊಂದು ಮೇಜು, ಭೂತಗನ್ನಡಿ, ಹಳೆಯ ಟವೆಲು.
ಶನಿವಾರ ಹತ್ತರಿಂದ ಹನ್ನೆರಡು.
ಜನ ಬರುತ್ತಾರೆ, ಕೋಟಿನೊಳಗೆ ಕುಂಡ ಅವುಚಿಕೊಂಡು,
ಕೂಸಿಗೆ ಗಾಳಿ ತಾಗದ ಹಾಗೆ.

‘ನೀವು ಬಿಸಿಲುನಾಡಿನವರು, ಇದೆಲ್ಲ ನಿಮ್ಮ ರಕ್ತದಲ್ಲೇ ಇರುತ್ತೆ.’
ನಾನು ಹುಟ್ಟಿದ್ದು ಶಹಾಬಾದಿನ ಕಲ್ಲುಗಣಿಯ ಮಗ್ಗುಲಲ್ಲಿ.
ನಮ್ಮಲ್ಲಿ ಗಿಡವೆಂದರೆ ಬೇವು, ಆಮೇಲೆ ಜಾಲಿ, ಆಮೇಲೆ ಮತ್ತೆ ಬೇವು.
ಮಳೆಕಾಡಿನ ಈ ಎಲೆಗಳ ಹೆಸರು ಕಲಿತದ್ದು ಇಲ್ಲೇ,
ಒಂದು ಜನವರಿಯಲ್ಲಿ, ಹೀಟರಿಗೆ ಬೆನ್ನು ಕೊಟ್ಟು.
ಹಾಗೆಂದು ಯಾರಿಗೂ ಹೇಳಿಲ್ಲ.

ಹಲೀನಾ, ಮೊಣಕೈಗೆ ಇನ್ನೂ ಬೇಕರಿಯ ಹಿಟ್ಟು.
ಅವಳ ಕಲಾಥಿಯಾದ ಅಂಚೆಲ್ಲ ಸುಟ್ಟ ಕಾಗದ.
‘ನಿಮ್ಮ ಕೆಟಲಿನ ತಳ ನೋಡಿದ್ದೀರಾ?’
‘ಬೆಳ್ಳಗೆ, ಸುಣ್ಣ.’
‘ಇದೂ ಅದನ್ನೇ ಕುಡಿಯುತ್ತಿದೆ. ಹಿತ್ತಲಲ್ಲಿ ಬಕೆಟ್ ಇಡಿ,
ಈ ಊರಲ್ಲಿ ಮಳೆಗೇನು ಬರವೇ?’
ಸುಟ್ಟದ್ದು ಮತ್ತೆ ಹಸಿರಾಗುವುದಿಲ್ಲ, ಅದನ್ನೂ ಹೇಳಬೇಕು.
ಗುಣವಾಯಿತೋ ಇಲ್ಲವೋ ಹೇಳುವುದು ಹೊಸ ಎಲೆ.

ಟೋಬಿಯದು ಕಿಟಕಿಕಟ್ಟೆಯ ಗಿಡ, ಕೆಳಗೇ ಹೀಟರು.
ಎಲೆ ಮಂಕು, ಸಣ್ಣ ಸಣ್ಣ ಹಳದಿ ಚುಕ್ಕಿ. ‘ಧೂಳಿರಬೇಕು’ ಅಂದ.
ಬಿಳಿ ಹಾಳೆ ಹಿಡಿದು ಎಲೆಯನ್ನು ಮೆಲ್ಲಗೆ ತಟ್ಟಿದೆ.
ಕಾದೆವು.
ಧೂಳು ನಡೆಯತೊಡಗಿತು.
‘ಷವರಿನಡಿ ಎಲೆಯ ಹೊಟ್ಟೆ ತೊಳಿ, ನಾಲ್ಕು ದಿನಕ್ಕೊಮ್ಮೆ,
ಮೂರು ಸಲ. ಒಂದು ಸಲಕ್ಕೆ ಬಿಟ್ಟರೆ
ಮೊಟ್ಟೆಗಳು ನಿನಗೆ ಥ್ಯಾಂಕ್ಸ್ ಹೇಳುತ್ತವೆ.’

ಮೇಜಿನ ಖಾನೆಯಲ್ಲಿ ಒಂದು ಪ್ಲಾಸ್ಟಿಕ್ ಬಲೆಯಿದೆ,
ನಿಂಬೆಹಣ್ಣು ಹಿಡಿಸುವಷ್ಟು.
ಬ್ರೋನಾ ಎಂಬ ನರ್ಸ್, ರಾತ್ರಿಪಾಳಿ ಮುಗಿಸಿ ತಂದಿದ್ದಳು,
ಎಲೆ ಉದುರಿಸುವ ಅತ್ತಿ ಜಾತಿಯ ಗಿಡ.
‘ಬಾಗಿಲ ಚಳಿಗಾಳಿ’ ಅಂದೆ, ಎಷ್ಟು ಖಾತ್ರಿಯಿಂದ!
ಕುಂಡದಿಂದ ಎಬ್ಬಿಸಿ ನೋಡಲಿಲ್ಲ.
ಸತ್ತ ಮೇಲೆ ಅವಳೇ ಬಿಡಿಸಿದಳು:
ನರ್ಸರಿಯವರು ಸಸಿಗೆ ತೊಡಿಸಿದ ಬಲೆ ಹಾಗೇ ಉಳಿದು
ಬೇರಿನ ಕುತ್ತಿಗೆ ಹಿಸುಕಿತ್ತು.
ಬೈಯಲಿಲ್ಲ. ಮೇಜಿನ ಮೇಲಿಟ್ಟು ಹೋದಳು.
ಅಂದಿನಿಂದ ಟವೆಲು.
ಮೊದಲು ಬೇರು, ಆಮೇಲೆ ಮಾತು.

ಕ್ಲೈವ್ ಬಂದದ್ದು ಫೆಬ್ರವರಿಯಲ್ಲಿ.
ಹಡಗುಕಟ್ಟೆಯಲ್ಲಿ ಮೂವತ್ತು ವರ್ಷ ಕ್ರೇನ್ ನಡೆಸಿದವರು.
ಕ್ಲಬ್ಬಿನ ಲಾಟರಿಯಲ್ಲಿ ಗೆದ್ದ ಪೀಸ್ ಲಿಲ್ಲಿ,
‘ಹುಟ್ಟಿದಾಗಿನಿಂದ ನಾನು ಗೆದ್ದದ್ದು ಇದೊಂದೇ.’
ಬಾಡಿತೆಂದು ನೀರು ಹಾಕಿದರು,
ಹಾಕಿದ್ದಕ್ಕೆ ಬಾಡಿತು,
ಬಾಡಿತಲ್ಲ ಎಂದು ಇನ್ನಷ್ಟು.
ಬಾಯಾರಿದ್ದೂ ಮುಳುಗಿದ್ದೂ ತಲೆ ಬಾಗಿಸುವುದು
ಒಂದೇ ಥರ. ಎಲೆಯನ್ನು ಕೇಳಿದರೆ ತಿಳಿಯದು,
ಮಣ್ಣಿಗೆ ಬೆರಳಿಳಿಸಬೇಕು, ಎರಡನೇ ಗೆಣ್ಣಿನವರೆಗೆ.

ಟವೆಲಿನ ಮೇಲೆ ಎಬ್ಬಿಸಿದೆ. ವಾಸನೆ,
ಮೂರು ದಿನ ಮುಚ್ಚಿಟ್ಟ ಎಲೆಕೋಸಿನದು.
ಕಂದು ಬೇರು, ಚಿವುಟಿದರೆ ಸಿಪ್ಪೆ ಜಾರಿ ದಾರ ಮಾತ್ರ ಉಳಿಯುವಂಥದ್ದು.
ಕತ್ತರಿಸಿದೆ. ಅವರು ಭೂಪಟಗಳ ಕಡೆ ಮುಖ ತಿರುಗಿಸಿದರು.
ಸಣ್ಣ ಕುಂಡ, ತೊಗಟೆಚೂರು ಬೆರೆತ ಹಗುರ ಮಣ್ಣು.
‘ಇನ್ನು ಏನು ಮಾಡಲಿ?’
‘ಏನೂ ಮಾಡಬೇಡಿ.’
‘ಗೊಬ್ಬರ?’
‘ಬೇಡ.’
‘ಸುಮ್ಮನಿರಲು ನನಗೆ ಬರುವುದಿಲ್ಲ’ ಅಂದರು.

ಹಾಗಾಗಿ ಪ್ರತಿ ಶನಿವಾರ ಬರತೊಡಗಿದರು,
ಏನೂ ಮಾಡಬೇಡಿ ಎನಿಸಿಕೊಂಡು ಹೋಗಲು.
ಹಲೀನಾ ಬನ್ನು ಕೊಟ್ಟರೆ ತಿಂದರು.
ಟೋಬಿಯ ಹಾಳೆಯ ಮೇಲೆ ನಡೆಯುವ ಧೂಳನ್ನು
ಕನ್ನಡಕ ಏರಿಸಿ ಎಣಿಸಿದರು, ಪ್ರತಿ ಸಲ ಕಡಿಮೆ.

ಏಪ್ರಿಲ್. ಎಲೆ ಮೂರೇ ಉಳಿದಿವೆ, ಹೊಸದಿಲ್ಲ.
ಕುಂಡ ಮೇಲೆತ್ತಿ, ಕ್ರೇನಿನವನ ಕಣ್ಣಿನಿಂದ, ಅಡಿ ತೋರಿಸಿದರು.
ನೀರು ಸೋರುವ ತೂತಿನಲ್ಲಿ ಏನೋ ಬೆಳ್ಳಗೆ,
ಮೊಳಕೆ ಬಂದ ಹೆಸರುಕಾಳಿನ ಬಾಲದಷ್ಟು.
ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು.

ಕ್ಲೈವ್ ಗಂಟಲು ಸರಿಮಾಡಿಕೊಂಡರು:
‘ಈಗಲಾದರೂ ಒಂದು ಲೋಟ ನೀರು...’

‘ಬೆರಳು’ ಅಂದೆ.